ಅಡ್ಡಿ ತಿಳಿದವರು ತಿಳಿಸತಕ್ಕದ್ದು

ಕೃಷ್ಣರಾಜಪುರ
21 ಜೂನ್ 1998

ಮುದ್ದು ಚೌರಿ,

ಬಸ್ಸು ಹತ್ತುವ ಹೊತ್ತಿಗೆ ಯಾರಾದರೂ ಅಂಥ ಮಾತು ಹೇಳುತ್ತಾರೇನೋ? ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಆ ಗದ್ದಲ, ಕಂಡಕ್ಟರ್ "ಶಿವಾಜಿನಗರ, ಶಿವಾಜಿನಗರ" ಎಂದು ಬಾಗಿಲು ಬಡಿಯುತ್ತಿದ್ದಾನೆ. ನೀನು ಒಂದು ಕಾಲು ಮೆಟ್ಟಿಲ ಮೇಲಿಟ್ಟು "ಅಮ್ಮ, ನಂಗೆ ಸ್ವಾಮಿ ಆಗೋಕಾಗಲ್ಲಮ್ಮ, ನಂಗೊಂದು ಮನೆ ಬೇಕು" ಅಂದೆ. ರಜೆ ಪೂರ್ತಿ ಮನೆಯಲ್ಲೇ ಬಿದ್ದುಕೊಂಡಿದ್ದೆ, ನಾನು ಮಾಡಿದ ಮುದ್ದೆ ಸಾರು ಉಂಡೆ, ನನ್ನ ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಟ್ಟೆ. ಆಗೆಲ್ಲ ಬಾಯಿಗೆ ಬೀಗ. ನಾನು "ಪರ್ಸು ಜೋಪಾನ" ಎಂದು ಕೈ ಬೀಸಿದೆ. ಬಸ್ಸು ಹೋದ ಮೇಲೆ ಕೋಪ ಬಂತು. ಮನೆ ಸೇರುವಷ್ಟರಲ್ಲಿ ಅಳು ಬಂತು.

ಒಂದೇ ಬೆಂಗಳೂರಲ್ಲಿದ್ದುಕೊಂಡು ಅಂಚೆಯಲ್ಲಿ ಮಾತಾಡುವ ತಾಯಿ ಮಗ ನಾವಿಬ್ಬರೇ ಇರಬೇಕು. ಕುಕ್ ಟೌನ್ ಇಲ್ಲಿಂದ ಎಷ್ಟು ದೂರ? ಆದರೂ ಸ್ವಾಮಿಗಳಾಗಲು ಓದುವ ನಿಮ್ಮ ಗುರುಮಠದಲ್ಲಿ ಭೇಟಿಗೆ ಅಂತ ಇರುವ ಭಾನುವಾರ ಬರುವ ತನಕ ನಾನು ಕಾಯಬೇಕು. ಮಠ ನೋಡಿಕೊಳ್ಳಲು ಮೊದಲಿನ ರೆಕ್ಟರೇ ಇದ್ದಿದ್ದರೆ ಈ ಪತ್ರವನ್ನೂ ಬರೆಯುತ್ತಿರಲಿಲ್ಲ, ಅವರು ಒಡೆದು ಓದಿಯೇ ನಿಮ್ಮ ಕೈಗೆ ಕೊಡುತ್ತಿದ್ದರು. ಅವರ ಜಾಗಕ್ಕೆ ಫಾದರ್ ಹಿಲರಿ ಬಂದ ಮೇಲೆ ಅದು ನಿಂತಿದೆ. ಒಳ್ಳೆಯ ಮನುಷ್ಯ. ಮೊನ್ನೆ ತಂದೆತಾಯಿಗಳಿಗೆಲ್ಲ ಪತ್ರ ಕಳಿಸಿದ್ದಾರೆ: ನಿಮ್ಮ ಮಕ್ಕಳು ನಮ್ಮ ಬಳಿ ಏನನ್ನೂ ಮುಚ್ಚಿಡದಂತೆ ಬುದ್ಧಿ ಹೇಳಿ, ಮನಸ್ಸು ಬಿಚ್ಚಿದವನನ್ನು ಮಾತ್ರ ನಾವು ತಿದ್ದಬಹುದು, ಅಂತ.

ನಾನು ನಿನಗೆ ಹೇಳುವ ಬುದ್ಧಿ ಬೇರೆ. ಬಾಯಿ ಮುಚ್ಚಿಕೊಂಡಿರು. ನಿನ್ನ ಸ್ನೇಹಿತ ಸಂತಿಯಾಗು ಮನಸ್ಸು ಬಿಚ್ಚಿದ, ಏನಾಯಿತು? ವಾರದೊಳಗೆ ಟ್ರಂಕು ಹೊತ್ತು ಮನೆಗೆ ಬಂದ. ಅವನಮ್ಮ ಇವತ್ತಿಗೂ ಚರ್ಚಿನಲ್ಲಿ ಕಂಬದ ಹಿಂದೆ ಕೂರುತ್ತಾಳೆ. ಹೆದರಿಕೆ ಎಲ್ಲರಿಗೂ ಆಗುತ್ತದೆ ಮಗನೇ. ನಿಮ್ಮಪ್ಪನನ್ನು ಮದುವೆಯಾಗುವ ಹಿಂದಿನ ದಿನ ನಾನು ಹಿತ್ತಿಲಲ್ಲಿ ಕೂತು ವಾಂತಿ ಮಾಡಿದ್ದೆ. ಆಮೇಲೆ ಸಂಸಾರ ಮಾಡಲಿಲ್ಲವೇ? ನಮ್ಮ ಚರ್ಚಿನಿಂದ ಈವರೆಗೆ ಒಬ್ಬರೂ ಸ್ವಾಮಿಯಾಗಿಲ್ಲ. ಕನ್ನಡವನ್ನು ತಡವರಿಸಿ ಓದುವ ಸ್ವಾಮಿಗಳ ಪೂಜೆ ಕೇಳಿಯೇ ನಾವೆಲ್ಲ ಮುದುಕರಾದೆವು. ನೀನು ಪೀಠದ ಮುಂದೆ ನಿಂತು ನಮ್ಮ ಮಾತಲ್ಲಿ ಜಪ ಹೇಳುವುದನ್ನು ಕೇಳಬೇಕು ಅಂತ ಊರೇ ಕಾಯುತ್ತಿದೆ. ನಾನೂ ಕಾಯುತ್ತಿದ್ದೇನೆ, ಸುಳ್ಳೇಕೆ ಹೇಳಲಿ.

ಚೆನ್ನಾಗಿ ಊಟ ಮಾಡು. ಈ ಪತ್ರ ಹರಿದುಹಾಕು.

ನಿನ್ನ ಅಮ್ಮ,
ಜಪಮಾಲಮ್ಮ


ಕುಕ್ ಟೌನ್
5 ಜುಲೈ 1998

ಅಮ್ಮನಿಗೆ ಪ್ರೀತಿಯ ನಮಸ್ಕಾರ.

ನಿನ್ನ ಪತ್ರವನ್ನು ಹರಿದುಹಾಕಿಲ್ಲ. ಬೈಗುಳವಾದರೂ ನಿನ್ನ ಕೈಬರಹವಲ್ಲವೇ.

ರಜೆಯಲ್ಲಿ ಹೇಳಬೇಕೆಂದು ದಿನಾ ಅಂದುಕೊಳ್ಳುತ್ತಿದ್ದೆ. ನೀನು ಅಕ್ಕಪಕ್ಕದವರಿಗೆಲ್ಲ "ನಮ್ಮ ಬ್ರದರ್ ಬಂದಿದಾನೆ, ಸ್ವಾಮಿ ಆಗೋಕೆ ಓದ್ತಿದಾನೆ" ಎಂದು ತೋರಿಸುತ್ತಿದ್ದೆ. ಎದುರು ಮನೆಯ ಮಾರಕ್ಕ ನಮ್ಮ ಮತದವಳಲ್ಲದಿದ್ದರೂ ಮೊಮ್ಮಗನ ತಲೆಯ ಮೇಲೆ ನನ್ನ ಕೈ ಇಡಿಸಿಕೊಂಡು ಹೋದಳು. ಅದಾದ ಮೇಲೆ ಹೇಗೆ ಹೇಳಲಿ?

ಈಗ ಹೇಳುತ್ತೇನೆ, ಕೇಳು. ಪಾಸ್ಕ ಹಬ್ಬಕ್ಕೆ ಮೊದಲು ನಮ್ಮನ್ನು ಒಂದೊಂದು ಚರ್ಚಿಗೆ ಕೆಲಸ ಕಲಿಯಲು ಕಳಿಸಿದ್ದರು. ನಾನಿದ್ದ ಕಡೆ ಒಬ್ಬ ವಯಸ್ಸಾದ ಸ್ವಾಮಿ. ಚಿನ್ನದಂಥವರು. ಕಾಯಿಲೆಯವರ ಮನೆಗೆ ಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಹೋಗುತ್ತಿದ್ದರು. ರಾತ್ರಿ ಊಟಕ್ಕೆ ಕೂರುವಾಗ ಮಾತ್ರ ರೇಡಿಯೋ ಹಾಕಲೇಬೇಕು. ವಾರ್ತೆಯಾದರೂ ಸರಿ, ಕೃಷಿ ಕಾರ್ಯಕ್ರಮವಾದರೂ ಸರಿ. ಒಂದು ದಿನ ಕರೆಂಟು ಹೋಗಿ ರೇಡಿಯೋ ನಿಂತುಹೋಯಿತು. ಅವರು ತಟ್ಟೆ ಬಿಟ್ಟೆದ್ದು ಜಗಲಿಯಲ್ಲಿ ಹೋಗಿ ನಿಂತರು. "ಯಾರ್ದಾದ್ರೂ ಒಂದು ದನಿ ಇಲ್ದಿದ್ರೆ ಅನ್ನ ಇಳಿಯಲ್ಲ ಬ್ರದರ್" ಅಂದರು. ನಾನು ಎದುರಿಗೇ ಕೂತಿದ್ದೆ. ನನ್ನ ದನಿ ಅವರಿಗೆ ಲೆಕ್ಕಕ್ಕಿರಲಿಲ್ಲ, ಯಾಕೆಂದರೆ ನಾನು ಹೊರಟುಹೋಗುವವನು.

ಮಾರನೆಯ ಭಾನುವಾರ ಒಂದು ಮಗುವಿಗೆ ಜ್ಞಾನಸ್ನಾನವಿತ್ತು. ಮಗು ಸ್ವಲ್ಪ ಹೊತ್ತು ನನ್ನ ಕೈಯಲ್ಲಿತ್ತು. ತಾಯಿಗೆ ವಾಪಸು ಕೊಟ್ಟ ಮೇಲೆ ಈ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕು ಎಂದೇ ತಿಳಿಯಲಿಲ್ಲ. ಇದು ನೀನು ಹೇಳುವ ಹೆದರಿಕೆ ಅಲ್ಲಮ್ಮ. ನನಗೆ ದೇವರ ಮೇಲೆ ಕೋಪವಿಲ್ಲ. ನಾನು ಇದಕ್ಕೆ ಹುಟ್ಟಿದವನಲ್ಲ, ಅಷ್ಟೇ.

ಸಂತಿಯಾಗುವನ್ನು ಯಾರೂ ಬೈಯಲಿಲ್ಲ. ಅವನು ಹೇಳಿದ್ದನ್ನೆಲ್ಲ ಕೇಳಿ ಫಾದರ್ ಹಿಲರಿ ಅಪ್ಪಿಕೊಂಡು ಕಣ್ಣೀರು ಹಾಕಿದರಂತೆ. ಆದರೆ ಅವನು ಹೋದ ದಿನವೇ ಊಟದ ಮನೆಯಿಂದ ಅವನ ಕುರ್ಚಿ ತೆಗೆದರು. ಆಮೇಲೆ ಯಾರೂ ಅವನ ಹೆಸರೆತ್ತಲಿಲ್ಲ. ಶುಕ್ರವಾರ ಸಂಜೆ ನಾವೆಲ್ಲ ಸುತ್ತ ಕೂತು ಮನಸ್ಸು ಬಿಚ್ಚಿ ಮಾತಾಡಬೇಕು ಅಂತ ಫಾದರ್ ಮಾಡಿದ್ದಾರೆ. ಆ ವಾರ ಎಲ್ಲರೂ ಬಿಚ್ಚಿಟ್ಟದ್ದು ಒಂದೇ ತರಹದ ಪಾಪಗಳನ್ನು: ಬೆಳಿಗ್ಗೆ ಏಳಲು ಸೋಮಾರಿತನ, ಕ್ರಿಕೆಟ್ ಹುಚ್ಚು, ಜಪದಲ್ಲಿ ತೂಕಡಿಕೆ. ಫಾದರ್ ಸಂತೋಷಪಟ್ಟರು.

ನಿನ್ನೆ ನನ್ನನ್ನು ಕರೆದು, "ಏನಾದ್ರೂ ಹೇಳೋದಿದ್ಯಾ ಬ್ರದರ್?" ಎಂದು ಕೇಳಿದರು. "ಏನಿಲ್ಲ ಫಾದರ್" ಅಂದೆ. ನೀನು ಹೇಳಿದ ಹಾಗೇ ಮಾಡಿದ್ದೇನೆ.

ನಿನ್ನ,
ಚೌರಿ


ಕೃಷ್ಣರಾಜಪುರ
9 ಅಕ್ಟೋಬರ್ 1998

ಚೌರಿ,

ಭೇಟಿಯ ದಿನ ನೀನು ಬಹಳ ನಕ್ಕೆ. ನಾನು ಹೇಳಿದ ಚಪ್ಪೆ ಮಾತಿಗೂ ನಕ್ಕೆ. ಬ್ರದರುಗಳ ಮಧ್ಯೆ ಕೂತು ನೀನು ನಗುವಾಗ ನನಗೆ ಯಾರದೋ ಮನೆಗೆ ಬಂದ ಹಾಗಾಯಿತು. ನಿನ್ನ ಬಿಳಿ ನಿಲುವಂಗಿಗೆ ಅಳತೆ ತೆಗೆದುಕೊಂಡೆನಲ್ಲ, ಹೋದ ವರ್ಷ ಹೊಲಿದ ಶರ್ಟಿಗಿಂತ ಭುಜ ಒಂದು ಇಂಚು ಕಡಿಮೆ ಬಂದಿದೆ. ಇಪ್ಪತ್ತೈದು ವರ್ಷದ ಹುಡುಗನ ಭುಜ ಕುಗ್ಗುವುದನ್ನು ನಾನು ಎಲ್ಲೂ ಕಂಡಿಲ್ಲ. ಟೇಪು ತಪ್ಪು ಹಿಡಿದೆನೇನೋ ಅಂದುಕೊಂಡೆ.

ಮೊನ್ನೆ ಅದಕ್ಕೆ ಲೇಸು ತರಲು ಶಿವಾಜಿನಗರಕ್ಕೆ ಹೋಗಿದ್ದೆ. ಒಂದು ಕನ್ನಡಕದ ಅಂಗಡಿಯಿಂದ "ಆಂಟೀ" ಎಂದು ಯಾರೋ ಕೂಗಿದರು. ನೋಡಿದರೆ ಸಂತಿಯಾಗು. ಅಲ್ಲೇ ಕೆಲಸವಂತೆ. ಅಯ್ಯೋ ಪಾಪ ಅನ್ನಲು ಬಾಯಿ ತೆರೆದೆ, ಅನ್ನಲಾಗಲಿಲ್ಲ. ಹುಡುಗ ಮೈತುಂಬಿಕೊಂಡಿದ್ದಾನೆ. ಹಲಸೂರಿನ ಒಂದು ಹುಡುಗಿಯನ್ನು ನೋಡಿದ್ದಾರಂತೆ, ಹೇಳುವಾಗ ನಾಚಿಕೊಂಡ. ಮಸಾಲ ಟೀ ತರಿಸಿಕೊಟ್ಟ.

"ನಿಮ್ಮಮ್ಮ ಇನ್ನೂ ಬೇಜಾರಲ್ಲಿದಾರೇನೋ?" ಅಂತ ಕೇಳಿದೆ.

"ಇದಾರೆ ಆಂಟಿ. ನಂಗೂ ಬೇಜಾರೇ. ಆದ್ರೆ ರಾತ್ರಿ ನಿದ್ದೆ ಬರುತ್ತೆ ಈಗ" ಅಂದ. ನನ್ನ ಟೀ ಲೋಟ ತೆಗೆದಿಡುತ್ತ, "ಚೌರಿ ಇನ್ನೂ ಒಳಗೇ ಇದಾನಾ?" ಅಂದ. ಜೈಲಿನಲ್ಲಿರುವವರನ್ನು ಕೇಳುವ ಹಾಗೆ ಕೇಳಿದ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಮಗನೇ, ಜೂನ್ ತಿಂಗಳಲ್ಲಿ ನಾನು ಬರೆದದ್ದನ್ನು ಮರೆತುಬಿಡು. ಊರಿನವರ ಕಿವಿಗೆ ಇಂಪಾಗಲಿ ಅಂತ ನಿನ್ನ ಬಾಯಿ ಹೊಲಿದೆ ನಾನು. ಕಂಬದ ಹಿಂದೆ ಕೂರುವುದೇನು ಮಹಾ, ಅಲ್ಲಿ ಗಾಳಿಯಾದರೂ ಬರುತ್ತದೆ. ಫಾದರ್ ಹಿಲರಿಗೆ ಹೇಳಿಬಿಡು. ನಾನು ಮನೆಯಲ್ಲಿ ನಿನ್ನ ಚಾಪೆ ಹಾಕಿಡುತ್ತೇನೆ.

ಬೇಗ ಬರೆ.

ಅಮ್ಮ


ಕುಕ್ ಟೌನ್
17 ಜನವರಿ 1999

ಪ್ರೀತಿಯ ಅಮ್ಮನಿಗೆ,

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಪರೀಕ್ಷೆಗಳಿದ್ದವು. ಕ್ರಿಸ್ಮಸ್ಸಿಗೆ ಬಂದಾಗ ಮನೆ ತುಂಬ ಜನ, ಮಾತಾಡಲು ಆಗಲಿಲ್ಲ.

ಒಂದು ಸಂತೋಷದ ಸುದ್ದಿ. ನನ್ನನ್ನು ಡೀಕನ್ ಮಾಡಲು ಒಪ್ಪಿಗೆ ಬಂದಿದೆ. ಏಪ್ರಿಲ್ 24ರ ಶನಿವಾರ, ನಮ್ಮ ಊರಿನ ಚರ್ಚಿನಲ್ಲೇ. ಬಿಷಪ್ ಬರುತ್ತಾರೆ. ಅಂದು ಮದುವೆಯಿಲ್ಲದ ಬಾಳಿಗೆ ಮಾತು ಕೊಡಬೇಕು. ಪೂರ್ತಿ ಸ್ವಾಮಿಯಾಗುವ ಗುರುದೀಕ್ಷೆ ಅದಾದ ಮೇಲೆ, ವರ್ಷದ ಕೊನೆಗೆ.

ಅಕ್ಟೋಬರಿನಲ್ಲಿ ನೀನು ಬರೆದ ವಿಷಯ. ಆಗ ಓದಿ ಅತ್ತೆ. ಈಗ ಅದರ ಅಗತ್ಯವಿಲ್ಲ. ಯೋಚಿಸುವುದನ್ನು ಬಿಟ್ಟ ಮೇಲೆ ಕಷ್ಟ ಅನ್ನಿಸುವುದಿಲ್ಲ. ಎಲ್ಲರೂ ನನ್ನಲ್ಲಿ ಪ್ರಗತಿ ಕಾಣುತ್ತಿದ್ದಾರೆ. ಫಾದರ್ ಹಿಲರಿ ಸಭೆಯಲ್ಲಿ ನನ್ನನ್ನು ಎಬ್ಬಿಸಿ, ತೆರೆದ ಮನಸ್ಸಿಗೆ ಬ್ರದರ್ ಚೌರಪ್ಪನನ್ನು ನೋಡಿ ಎಂದರು.

ನಿಲುವಂಗಿಗೆ ಜೇಬು ಬೇಡ.

ಇತಿ,
ಚೌರಪ್ಪ


ಕೃಷ್ಣರಾಜಪುರ
15 ಮಾರ್ಚ್ 1999

ಪೂಜ್ಯ ಫಾದರ್ ಹಿಲರಿಯವರಿಗೆ, ಸ್ತೋತ್ರ ಸ್ವಾಮಿ.

ನಾನು ಬ್ರದರ್ ಚೌರಪ್ಪನ ತಾಯಿ, ಇಲ್ಲಿನ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುವವಳು. ಭೇಟಿಯ ದಿನಗಳಲ್ಲಿ ನೋಡಿದ್ದೀರಿ. ದೊಡ್ಡವರಿಗೆ ಪತ್ರ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಮನ್ನಿಸಬೇಕು.

ಮೂರು ಭಾನುವಾರದಿಂದ ನಮ್ಮ ಚರ್ಚಿನಲ್ಲಿ ಪೂಜೆಯ ಕೊನೆಗೆ ನನ್ನ ಮಗನ ಹೆಸರು ಓದುತ್ತಿದ್ದಾರೆ. ಇಂಥವರ ಮಗ ಚೌರಪ್ಪ ಡೀಕನ್ ಆಗಲಿದ್ದಾನೆ, ಇದಕ್ಕೆ ಯಾವುದಾದರೂ ಅಡ್ಡಿ ತಿಳಿದವರು ತಿಳಿಸತಕ್ಕದ್ದು, ಮುಚ್ಚಿಡುವುದು ಪಾಪ, ಎಂದು. ಮೊದಲನೇ ಸಲ ಎಲ್ಲರೂ ತಿರುಗಿ ನನ್ನ ನೋಡಿ ನಕ್ಕರು. ಹಬ್ಬದ ಮನೆಯವಳಲ್ಲವೇ. ಎರಡನೇ ಸಲ ನನಗೆ ತಲೆಯೆತ್ತಲು ಆಗಲಿಲ್ಲ. ನಿನ್ನೆ ಮೂರನೆಯದೂ ಆಯಿತು. ಇನ್ನು ಓದುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಡ್ಡಿ ನನಗೆ ಗೊತ್ತು ಸ್ವಾಮಿ. ಅವನಿಗೆ ಇದು ಬೇಡ. ಹೋದ ವರ್ಷ ಬಾಯಿಬಿಟ್ಟು ಹೇಳಿದ, ನನಗೆ ಮನೆ ಬೇಕು ಅಂತ. ಯಾವ ಹುಡುಗಿಯೂ ಇಲ್ಲ, ಕೆಟ್ಟ ಚಾಳಿಯೂ ಇಲ್ಲ, ತಪ್ಪಾಗಿ ತಿಳಿಯಬೇಡಿ. ನಿಮಗೆ ಹೇಳದಂತೆ ಅವನ ಬಾಯಿ ಕಟ್ಟಿದವಳು ನಾನು. ನೀವು ಬಿಚ್ಚಲು ಹೇಳಿ ಎಂದು ಬರೆದಿರಿ, ನಾನು ಮುಚ್ಚಲು ಹೇಳಿದೆ. ಆಮೇಲೆ ಬುದ್ಧಿ ಬಂದು ಹೇಳು ಅಂದರೆ, ಈಗ ಅವನು ಯಾರಿಗೂ ಹೇಳುವುದಿಲ್ಲ. ನನಗೂ ಹೇಳುವುದಿಲ್ಲ. ಜನವರಿಯಲ್ಲಿ ಬರೆದ ಪತ್ರ ನನ್ನ ಮಗನದಲ್ಲ, ಕಚೇರಿಯ ಗುಮಾಸ್ತರು ಬರೆದ ಹಾಗಿದೆ.

ಅವನನ್ನು ಕೂರಿಸಿಕೊಂಡು ನಿಧಾನವಾಗಿ ಕೇಳಿ. ಅವನನ್ನು ಮನೆಗೆ ಕಳಿಸಿದರೆ ನನಗೆ ಅವಮಾನವಿಲ್ಲ. ನಾನೇ ಬಂದು ಟ್ರಂಕು ಹೊತ್ತುಕೊಂಡು ಹೋಗುತ್ತೇನೆ.

ತಮ್ಮ ವಿಧೇಯಳು,
ಜಪಮಾಲಮ್ಮ


ಕುಕ್ ಟೌನ್
22 ಮಾರ್ಚ್ 1999

ಪ್ರಿಯ ಜಪಮಾಲಮ್ಮನವರೇ,

ಪ್ರಭುವಿನ ಶಾಂತಿ ನಿಮ್ಮೊಂದಿಗಿರಲಿ. ನಿಮ್ಮ ಪತ್ರವನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ ಎಂದು ಮೊದಲು ತಿಳಿಸುತ್ತೇನೆ. ಒಂದು ರಾತ್ರಿ ಪ್ರಾರ್ಥನೆ ಮಾಡಿ, ಮರುದಿನ ಬ್ರದರ್ ಚೌರಪ್ಪನನ್ನು ಕರೆಸಿದೆ. ಪತ್ರವನ್ನು ಅವನ ಕೈಗೇ ಕೊಟ್ಟೆ. ಇದು ನಿಜವಾಗಿದ್ದರೆ ನನಗೆ ಕೋಪವಿಲ್ಲ, ನಿನ್ನನ್ನು ಗೌರವದಿಂದ ಕಳಿಸಿಕೊಡುತ್ತೇನೆ ಎಂದೆ.

ಅವನು ಓದಿದ, ನಕ್ಕ. ಅಪ್ಪ ಹೋದ ಮೇಲೆ ಅಮ್ಮ ಒಬ್ಬಳೇ, ದಿನ ಹತ್ತಿರ ಬಂದಂತೆ ಗಾಬರಿಯಾಗಿದ್ದಾಳೆ, ಹಿಂದೆ ಯಾವಾಗಲೋ ಆಡಿದ ಮಾತನ್ನು ಹಿಡಿದುಕೊಂಡಿದ್ದಾಳೆ ಎಂದ. ಅವನ ಮುಖ ಶಾಂತವಾಗಿತ್ತು. ಮತ್ತೆ ಮತ್ತೆ ಕೇಳಿದೆ, ಉತ್ತರ ಬದಲಾಗಲಿಲ್ಲ. ನಾವು ಇಲ್ಲಿ ಪ್ರಾಮಾಣಿಕತೆಯನ್ನೇ ಮೊದಲ ಪಾಠವಾಗಿ ಕಲಿಸುತ್ತೇವೆ. ಏಳು ವರ್ಷ ನಮ್ಮೊಂದಿಗಿದ್ದವನ ಮಾತನ್ನು ನಾನು ನಂಬಬೇಕಲ್ಲವೇ?

ಮಗನನ್ನು ದೇವರಿಗೆ ಕೊಡುವ ಹೊತ್ತಿಗೆ ಎಷ್ಟೋ ತಾಯಂದಿರ ಕೈ ನಡುಗುವುದನ್ನು ಕಂಡಿದ್ದೇನೆ. ಅದು ದೌರ್ಬಲ್ಯವಲ್ಲ, ಪ್ರೀತಿ. ನಿಮಗಾಗಿ ಪ್ರಾರ್ಥಿಸುತ್ತೇನೆ.

ಪ್ರಭುವಿನಲ್ಲಿ ನಿಮ್ಮ,
ಫಾ. ಹಿಲರಿ


ಕುಕ್ ಟೌನ್
25 ಮಾರ್ಚ್ 1999

ಅಮ್ಮ,

ನೀನು ಬರೆದದ್ದೆಲ್ಲ ನಿಜ. ಒಂದಕ್ಷರವೂ ಸುಳ್ಳಿಲ್ಲ. ನಾನು ಸುಳ್ಳು ಹೇಳಿದೆ.

ಬೇಕೆಂದು ಹೇಳಲಿಲ್ಲಮ್ಮ. ಅದನ್ನು ನೀನು ನಂಬಬೇಕು. ಕಾಗದದಲ್ಲಿ ನಿನ್ನ ಅಕ್ಷರ ನೋಡಿದ ಕೂಡಲೇ ಅಲ್ಲೇ ಕುಸಿದು ಎಲ್ಲ ಹೇಳಿಬಿಡಬೇಕು ಅನ್ನಿಸಿತು. ಫಾದರ್ ಎದುರಿಗೆ ಕೂತಿದ್ದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದರು, ಅವರ ಕಣ್ಣೂ ಒದ್ದೆಯಾಗಿತ್ತು. ಅಷ್ಟು ಒಳ್ಳೆಯ ಗಳಿಗೆ ನನಗೆ ಇನ್ನೊಮ್ಮೆ ಸಿಗುವುದಿಲ್ಲ. "ಇದು ನಿಜಾನಾ?" ಅಂದರು. ನಾನು ಬಾಯಿ ತೆರೆದೆ, ನಗು ಬಂತು. ಶುಕ್ರವಾರದ ಸಭೆಯಲ್ಲಿ ನಗುವ ನಗು. ಆಮೇಲೆ ಮಾತುಗಳು ತಾವೇ ಸಾಲಾಗಿ ಬಂದವು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗಲೇ ನನಗೆ ಗೊತ್ತಾದದ್ದು, ಕೇಳಿದವರಿಗೆ ಒಳಗಿನದನ್ನು ಹೇಳುವುದು ನನಗೆ ಮರೆತೇಹೋಗಿದೆ.

ಮತ್ತೆ ಹೋಗಿ ಹೇಳು ಅನ್ನುತ್ತೀ. ಹೋಗಿದ್ದೆ. ಅವರ ಬಾಗಿಲ ತನಕ ಹೋದೆ. ಮೊದಲು ಇಲ್ಲ ಅಂದವನು ಈಗ ಹೌದು ಅಂದರೆ ನನ್ನ ಯಾವ ಮಾತನ್ನು ನಂಬುತ್ತಾರೆ? ಬಂದಾಗಿನಿಂದ ನನ್ನನ್ನು ನಂಬಿದ ಮನುಷ್ಯ ಅವರು. ಒಳಗೆ ಯಾರ ಜೊತೆಯೋ ಮಾತಾಡುತ್ತ "ನಮ್ಮ ಚೌರಪ್ಪ" ಎಂದು ಹೇಳುತ್ತಿದ್ದರು. ವಾಪಸು ಬಂದೆ.

ನನ್ನಿಂದ ನೀನು ಹುಚ್ಚಿ ಅನ್ನಿಸಿಕೊಂಡೆ. ಅದಕ್ಕೆ ಕ್ಷಮೆ ಕೇಳುವ ಮುಖವೂ ನನಗಿಲ್ಲ. ಇನ್ನು ಯಾರಿಗೂ ಬರೆಯಬೇಡಮ್ಮ.

ಚೌರಿ


ಕೃಷ್ಣರಾಜಪುರ
26 ಏಪ್ರಿಲ್ 1999

ಚೌರಿ,

ಶಾಮಿಯಾನ ಬಿಚ್ಚಿಕೊಂಡು ಹೋದರು. ಉಳಿದ ಲಾಡುಗಳನ್ನು ಕಾನ್ವೆಂಟಿನ ಮಕ್ಕಳಿಗೆ ಹಂಚಿದೆ. ಊರಿನವರು ಇನ್ನೂ ಬಂದು ಕೈ ಹಿಡಿದು ಹೋಗುತ್ತಿದ್ದಾರೆ. ನಾನು ನಗುತ್ತಿದ್ದೇನೆ. ನೀನು ನಗುವುದನ್ನು ನೋಡಿ ನೋಡಿ ನನಗೂ ಬಂದುಬಿಟ್ಟಿದೆ.

ಆ ದಿನ ಎಂಥ ಸೆಕೆ! ಚರ್ಚಿನೊಳಗೆ ಒಲೆ ಹಚ್ಚಿದ ಹಾಗಿತ್ತು, ಬಿಷಪ್ಪರೂ ಬೆವರು ಒರೆಸಿಕೊಳ್ಳುತ್ತಿದ್ದರು, ಮಾರಕ್ಕ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ ಮುಂದಿನ ಬೆಂಚಿನಲ್ಲೇ ಕೂತಿದ್ದಳು. ನಿನ್ನ ಕೈ ಹಿಡಿದು ಪೀಠದ ತನಕ ಕರೆದುಕೊಂಡು ಹೋಗಿ ನಾನೇ ಒಪ್ಪಿಸಬೇಕು ಅಂತ ಮೊದಲೇ ಹೇಳಿದ್ದರು. ನಿಮ್ಮಪ್ಪ ಇದ್ದಿದ್ದರೆ ಇನ್ನೊಂದು ಕೈ ಅವರು ಹಿಡಿಯುತ್ತಿದ್ದರು. ಬಾಗಿಲಿಂದ ಅಲ್ಲಿಗೆ ಎಷ್ಟು ಜಾಗವಿದೆ? ಅಷ್ಟರಲ್ಲಿ ನೀನು ನಿಂತರೆ ನಾನೂ ನಿಲ್ಲುತ್ತಿದ್ದೆ. ತಿರುಗಿದರೆ ಊರವರ ಮುಂದೆಯೇ ತಿರುಗುತ್ತಿದ್ದೆ. ನೀನು ನಿಲ್ಲಲಿಲ್ಲ. ಪೀಠದ ಮುಂದೆ ಹೋದ ಮೇಲೆ ನನಗೆ ಕೈ ಬಿಡಲು ಬರಲಿಲ್ಲ. ನೀನೇ ಮೆಲ್ಲಗೆ ನನ್ನ ಬೆರಳು ಬಿಡಿಸಿದೆ. ಹಿಂದಿನಿಂದ ನೋಡಿದವರು, ತಾಯಿಯ ಕೈಗೆ ಎಷ್ಟು ಮರ್ಯಾದೆ ಕೊಟ್ಟ ನೋಡು ಅಂದರಂತೆ.

ಬಿಷಪ್ ಕೇಳಿದರು, ಇವನು ಯೋಗ್ಯನೆಂದು ನಿಮಗೆ ಗೊತ್ತೇ ಎಂದು. ಫಾದರ್ ಹಿಲರಿ ಎದ್ದು ನಿಂತು ಹೇಳಿದರು: ಜನರನ್ನು ವಿಚಾರಿಸಿದ್ದೇವೆ, ಯೋಗ್ಯನೆಂದು ಸಾಕ್ಷಿ ಹೇಳುತ್ತೇನೆ. ಎಲ್ಲರೂ ಚಪ್ಪಾಳೆ ತಟ್ಟಿದರು. ವಿಚಾರಿಸಿದ ಜನರಲ್ಲಿ ಉತ್ತರ ಕೊಟ್ಟವಳು ನಾನೊಬ್ಬಳೇ ಅಲ್ಲವೇ? ಎದ್ದು ಕೂಗಬಹುದಿತ್ತು. ಕೂಗಿದ್ದರೆ ನೀನು ಇನ್ನೊಮ್ಮೆ ಎಲ್ಲರೆದುರಿಗೆ ಇಲ್ಲ ಅನ್ನಬೇಕಾಗುತ್ತಿತ್ತು. ಆ ಪಾಪ ನಿನ್ನಿಂದ ಮಾಡಿಸಲು ನನಗೆ ಮನಸ್ಸು ಬರಲಿಲ್ಲ.

ಆಮೇಲೆ ಪದ್ಧತಿಯಂತೆ ನೀನು ಪೀಠದ ಮುಂದೆ ನೆಲದ ಮೇಲೆ ಬೋರಲು ಮಲಗಿದೆ. ಸಂತರ ಹೆಸರುಗಳನ್ನು ಹಾಡುತ್ತಿದ್ದರು, ಒಂದೊಂದು ಹೆಸರಿಗೂ ನಾವು "ನಮಗಾಗಿ ಪ್ರಾರ್ಥಿಸಿರಿ" ಅನ್ನಬೇಕು. ನಾನು ಹೇಳಲಿಲ್ಲ. ನಿನ್ನ ಬೆನ್ನು ನೋಡುತ್ತಿದ್ದೆ. ನಾನೇ ಹೊಲಿದ ಬಟ್ಟೆ, ಅದರ ಕೆಳಗೆ ನಿನ್ನ ಭುಜ ನಡುಗುತ್ತಿತ್ತು. ಚಿಕ್ಕವನಿದ್ದಾಗ ಏಟು ತಿಂದರೆ ಚಾಪೆಗೆ ಮುಖ ಒತ್ತಿಕೊಂಡು ಸದ್ದಿಲ್ಲದೆ ಅಳುತ್ತಿದ್ದೆಯಲ್ಲ, ಹಾಗೆ. "ಎಷ್ಟು ಭಕ್ತಿ ನೋಡವ್ವ ನಿನ್ ಮಗಂಗೆ" ಎಂದು ಮಾರಕ್ಕ ಕಣ್ಣೊರೆಸಿಕೊಂಡಳು. ನಾನು ಹೌದು ಅಂದೆ.

ಆಗಿದ್ದು ಆಯಿತು. ಇನ್ನು ಯಾರನ್ನೂ ಏನೂ ಕೇಳುವುದಿಲ್ಲ, ನಿನ್ನ ದಾರಿಗೂ ಬರುವುದಿಲ್ಲ. ನನಗೆ ಬೇಕಾದದ್ದು ಒಂದೇ ಮಾತು. ಬೇರೆ ಯಾರಿಗೆ ಬೇಕಾದರೂ ಮುಚ್ಚಿಡು, ನನ್ನೊಬ್ಬಳಿಗೆ ನಿಜ ಹೇಳುತ್ತಿರು. ಅಷ್ಟು ಉಳಿದರೆ ನಾನು ಇದನ್ನೆಲ್ಲ ಹೇಗೋ ಸಹಿಸುತ್ತೇನೆ. ಅಲ್ಲಿ ನೆಲದ ಮೇಲೆ ಮಲಗಿ ನೀನು ಅಳುತ್ತಿದ್ದೆ ಅಲ್ಲವೇ? ಹೌದು ಅಂತ ಒಂದು ಗೆರೆ ಬರೆ ಮಗನೇ.

ನಿನ್ನ ಅಮ್ಮ


ಕುಕ್ ಟೌನ್
4 ಮೇ 1999

ಪ್ರೀತಿಯ ಅಮ್ಮನಿಗೆ,

ನಿನ್ನ ಪತ್ರ ತಲುಪಿತು. ನಾನು ಕ್ಷೇಮವಾಗಿದ್ದೇನೆ. ಸಮಾರಂಭ ಚೆನ್ನಾಗಿ ನಡೆಯಿತೆಂದು ಇಲ್ಲಿ ಎಲ್ಲರೂ ಸಂತೋಷಪಟ್ಟರು. ನಿಲುವಂಗಿಯ ಹೊಲಿಗೆಯನ್ನು ಬಿಷಪ್ ಮೆಚ್ಚಿಕೊಂಡರು, ತಿಳಿಸಲು ಹೇಳಿದ್ದಾರೆ.

ನೀನು ತಪ್ಪಾಗಿ ತಿಳಿದಿದ್ದೀಯ. ನಾನು ಅಳಲಿಲ್ಲಮ್ಮ. ಚರ್ಚಿನ ನೆಲ ತುಂಬ ತಣ್ಣಗಿತ್ತು, ಅದಕ್ಕೆ ಮೈ ನಡುಗಿತು, ಅಷ್ಟೆ.

ದೇವರು ನಿನ್ನನ್ನು ಆಶೀರ್ವದಿಸಲಿ.

ಡೀಕನ್ ಚೌರಪ್ಪ